ಶಿವಲಕ್ಷ್ಮಿಯ ಕಂಬಳಿ

ವಿದೇಶಕ್ಕೆ ಹೊರಟವರು ಕರಿ ಕಂಬಳಿ ಹೊತ್ತು ಬಂದದ್ದನ್ನು ಬೆಂಗಳೂರಿನ ವಿಮಾನ ನಿಲ್ದಾಣ ಎಷ್ಟು ಸಲ ಕಂಡಿತ್ತೋ ಗೊತ್ತಿಲ್ಲ, ಶಾಲಿನಿಯಂತೂ ಕಂಡಿರಲಿಲ್ಲ. ಕೋಡಿಹಳ್ಳಿ ಕಡೆಯ ಶಿವಲಕ್ಷ್ಮಿ ಅದನ್ನು ಮಡಿಚಿ ಹೆಗಲ ಮೇಲೆ ಹಾಕಿಕೊಂಡು, ಕುರಿವಾಸನೆ ಸಮೇತ, ಸಾಲಿನಲ್ಲಿ ಆರಾಮಾಗಿ ನಿಂತಿದ್ದಳು.

"ಅಲ್ಲಿ ಬೆಟ್ಟದ ಮ್ಯಾಲೆ ಚಳಿಯಂತೆ. ಹೊದಿಯಾಕೂ ಬಾಡಿಗೆ ಕೇಳ್ತಾರಂತೆ. ಮನೇಲಿ ಐತಲ್ಲ ಅಂತ ತಗೊಂಡ್ಬಂದೆ," ಎಂದಿದ್ದಳು.

ಮೂವರೂ ರಾಮನಗರದ ಒಂದೇ ಕಾಲೇಜಿನಲ್ಲಿ ಎಂ.ಕಾಂ. ಕೊನೆಯ ವರ್ಷ. ಮೂರನೆಯವಳು ಅಸ್ರಾ, ಚನ್ನಪಟ್ಟಣದಲ್ಲಿ ಶಾಲಿನಿಯ ಬೀದಿಯವಳೇ. ಎಲ್ಲಕ್ಕಿಂತ ಅಗ್ಗದ ವಿಮಾನ ಶ್ರೀಲಂಕಾಕ್ಕೆ ಎಂದು ಪತ್ತೆ ಹಚ್ಚಿದವಳು ಅವಳು. ದುಡ್ಡು ವಾಪಸ್ ಬರದಂಥ ಟಿಕೆಟನ್ನು ಮೂರು ತಿಂಗಳ ಮುಂಚೆಯೇ ತೆಗೆದಿಟ್ಟವಳೂ ಅವಳೇ.

ತಪಾಸಣೆಯ ಅಧಿಕಾರಿ ಕಂಬಳಿಯನ್ನು ಯಂತ್ರದೊಳಗೆ ಎರಡು ಸಲ ಕಳಿಸಿದ. ಮೂರನೆಯ ಸಲ ಕೈಯಿಂದಲೇ ಹಿಸುಕಿ, ಒಂದು ಮೂಲೆಯಲ್ಲಿ ಏನೋ ಗಟ್ಟಿಯಾಗಿದೆ ಎಂದ. ಶಿವಲಕ್ಷ್ಮಿ ಹಲ್ಲಿನಲ್ಲೇ ದಾರ ಕಿತ್ತಳು. ಒಳಗಿದ್ದದ್ದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅವಳ ಆಧಾರ್ ಜೆರಾಕ್ಸ್ ಮತ್ತು ಅಪ್ಪ ಪುಟ್ಟಲಿಂಗಯ್ಯನ ಫೋನ್ ನಂಬರು. ಮಗಳು ಎಲ್ಲಾದರೂ ಕಳೆದುಹೋದರೆ ಇರಲಿ ಎಂದು ಅವ್ವ ಕೃಷ್ಣಮ್ಮ ಹೊಲಿದು ಕಳಿಸಿದ್ದು. ಶಿವಲಕ್ಷ್ಮಿ ಅದನ್ನು ಮತ್ತೆ ಅದೇ ಮೂಲೆಗೆ ತುರುಕುವಾಗ ಅಸ್ರಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಬ್ಯಾಡ ಕಣೆ," ಎಂದಳು ಶಿವಲಕ್ಷ್ಮಿ. "ಕುರಿಮಂದೆ ಜತೆ ಊರೂರು ತಿರುಗೋರು ಬೇಕಾದ್ದನ್ನೆಲ್ಲ ಕಂಬಳಿಗೇ ಹೊಲ್ಕೋತಾರೆ. ಎಲ್ಲೈತೆ ಅಂತ ಬಾಯ್ಬುಟ್ಟು ಹೇಳಂಗಿಲ್ಲ, ಯಾರ ಕಿವಿಗಾದ್ರೂ ಬಿದ್ದಾತು ಅಂತ. ಕಂಬಳಿ ಕೈಗೆ ಕೊಟ್ಟು, ಇದ್ನ ಕೆಳಕ್ಕಿಡಬ್ಯಾಡ ಅಂತಾರೆ, ಅಷ್ಟೇಯ. ಇಸ್ಕೊಂಡೋರಿಗೆ ತಿಳೀತದೆ."

ಶಾಲಿನಿ ಇದನ್ನು ಕೇಳಿಸಿಕೊಂಡಳು, ಆದರೆ ಅರ್ಧ ಕಿವಿಯಲ್ಲಿ. ಅದೇ ಹೊತ್ತಿಗೆ ಅವಳ ಫೋನಿಗೆ ಒಂದು ಮೇಲ್ ಬಂದಿತ್ತು. ಚನ್ನಪಟ್ಟಣದ ಬೊಂಬೆಗಳನ್ನು ಹೊರದೇಶಕ್ಕೆ ಕಳಿಸುವ ಕಂಪನಿಯದು. ಇಡೀ ಕಾಲೇಜಿನಿಂದ ಇಬ್ಬರನ್ನು ಆರಿಸಿದ್ದೇವೆ, ಕೆಲಸ ಒಂದೇ ಇದೆ, ಕೊನೆಯ ಸಂದರ್ಶನ ಬರುವ ಸೋಮವಾರ ಬೆಳಗ್ಗೆ ಹತ್ತಕ್ಕೆ, ಬಾರದವರಿಗೆ ಇನ್ನೊಂದು ದಿನ ಕೊಡುವುದಿಲ್ಲ. ಅವಳು ತಲೆ ಎತ್ತುವಷ್ಟರಲ್ಲಿ ಶಿವಲಕ್ಷ್ಮಿಯ ಫೋನೂ ಟಿಂಗೆಂದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಭಾನುವಾರ ರಾತ್ರಿ ವಾಪಸ್ ಫ್ಲೈಟಿದೆಯಲ್ಲ, ಸೋಮವಾರಕ್ಕೆ ಸಿಕ್ತೀರ," ಎಂದಳು ಅಸ್ರಾ. "ಆದ್ರೆ ಟ್ರಿಪ್‌ನಲ್ಲಿ ಯಾರೂ ಆ ಮಾತೆತ್ತಬಾರದು, ಓದಬಾರದು. ಆಣೆ ಮಾಡಿ." ಇಬ್ಬರೂ ಮಾಡಿದರು.

ಶಾಲಿನಿಗೆ ಅದು ಬರೀ ಕೆಲಸವಾಗಿರಲಿಲ್ಲ. ಅಪ್ಪ ಮುನಿರಾಮಯ್ಯ ಮೂವತ್ತು ವರ್ಷದಿಂದ ಲೇತಿನ ಮುಂದೆ ಕೂತು ಮರಕ್ಕೆ ಅರಗಿನ ಬಣ್ಣ ಕೊಡುತ್ತಿದ್ದ. ಅವನ ಬೊಂಬೆಗೆ ಬೆಲೆ ಕಟ್ಟುವವರು ಯಾವತ್ತೂ ಬೇರೆಯವರು, ಮೇಜಿನ ಆ ಕಡೆ ಕೂತವರು. ಒಂದು ದಿನ ತಾನು ಆ ಮೇಜಿನ ಹಿಂದೆ ಕೂರಬೇಕು, ಅಪ್ಪ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕು ಎನ್ನುವುದು ಅವಳು ಯಾರಿಗೂ ಹೇಳದ ಆಸೆ. ಕುರಿ ಸಾಕುವವರ ಮಗಳಿಗೆ ಬೊಂಬೆ ಕಂಪನಿಯಲ್ಲಿ ಏನು ಕೆಲಸ ಎಂದು ಮನಸ್ಸು ಅಲ್ಲೇ ಕೊಂಕು ತೆಗೆಯಿತು. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಯೋಚನೆ ಹೋಗಲಿಲ್ಲ.

ಪ್ರವಾಸದ ಚಂದ ಕೇಳಬೇಕೆ. ಅಸ್ರಾ ಕೊಲಂಬೊದ ಹಾಸ್ಟೆಲನ್ನು ಮುಂದಿನ ತಿಂಗಳ ತಾರೀಖಿಗೆ ಬುಕ್ ಮಾಡಿದ್ದಳು. ಮೂವರೂ ಸ್ಟೇಷನ್ನಿನ ಬೆಂಚಿನ ಮೇಲೆ ಒಂದೇ ಕಂಬಳಿಯಡಿ ಬೆಳಕು ಹರಿಸಿದರು. ಮಾರನೆಯ ದಿನ ಬಸ್ಸಿನ ನೂಕುನುಗ್ಗಲಿನಲ್ಲಿ ಶಾಲಿನಿಯ ಬ್ಯಾಗಿನ ಜಿಪ್ಪು ಕಿತ್ತುಬಂತು. ಅವಳು ಅದಕ್ಕೆ ತಲೆಯ ಕ್ಲಿಪ್ಪು ಸಿಕ್ಕಿಸಿಕೊಂಡು ತಿರುಗಿದಳು. ಬ್ರೆಡ್ಡು ಬಾಳೆಹಣ್ಣು ತಿಂದು ತಿಂದು ಅಸ್ರಾ, ಊರಿಗೆ ಹೋದ ಮೇಲೆ ಬಾಳೆಗೊನೆ ಕಂಡರೆ ಕಲ್ಲು ಹೊಡೆಯುತ್ತೇನೆ ಎಂದಳು.

ನಗುವ ಸಂಗತಿಗಳೇ ಎಲ್ಲ. ಆದರೆ ಅನುಮಾನ ಹೊಕ್ಕ ಮನಸ್ಸಿಗೆ ನಗುವುದಕ್ಕೆ ಪುರುಸೊತ್ತೆಲ್ಲಿ? ಶಿವಲಕ್ಷ್ಮಿ ಫೋನ್ ಹಿಡಿದು ಮೂಲೆಗೆ ಹೋದರೆ, ಕದ್ದು ಓದುತ್ತಿದ್ದಾಳೆಯೇ ಎಂದು ಶಾಲಿನಿ ನೋಡುವಳು. ಅವಳು ಬಾಯ್ತುಂಬ ಹೊಗಳಿದರೆ, ತನ್ನ ಎಚ್ಚರ ತಪ್ಪಿಸಲಿಕ್ಕೆ ಎನ್ನಿಸುವುದು. ಶುಕ್ರವಾರ ಬೆಟ್ಟದೂರು ತಲುಪಿದಾಗ, ಮಳೆಯಲ್ಲೇ ತುದಿ ಹತ್ತೋಣ ಎಂದು ಹಟ ಹಿಡಿದವಳು ಶಿವಲಕ್ಷ್ಮಿ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಶಾಲಿನಿಗೆ ಜ್ವರ ಕೆಂಡದಂತೆ ಏರಿತು. ಬೇಕಂತಲೇ ನೆನೆಸಿದಳೇ?

ಅಲ್ಲಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಗೆ ಎಂಟು ಮಂಚ. ಯಾರ್ಯಾರೋ ಬರುವರು, ಹೋಗುವರು. ಶಾಲಿನಿ ಮಾತ್ರೆ ನುಂಗಿ ಮಲಗಿದಳು. ನಡುವೆ ಒಮ್ಮೆ ಕಣ್ಣು ಅರ್ಧ ತೆರೆದಾಗ ಶಿವಲಕ್ಷ್ಮಿಯ ಬೆನ್ನು ಕಾಣಿಸಿತು. ನೆಲದ ಮೇಲೆ, ಶಾಲಿನಿಯ ಬ್ಯಾಗಿನ ಪಕ್ಕದಲ್ಲಿ, ತಲೆ ತಗ್ಗಿಸಿ ಕೂತಿದ್ದಳು. ಬ್ಯಾಗಿನ ಕ್ಲಿಪ್ಪು ಬಿಚ್ಚಿತ್ತು. ಮಾತಾಡಬೇಕೆನ್ನುವಷ್ಟರಲ್ಲಿ ಮತ್ತೆ ನಿದ್ದೆ ಎಳೆದುಕೊಂಡಿತು.

ಭಾನುವಾರ ಬೆಳಗ್ಗೆ ಕೊಲಂಬೊ ರೈಲಿಗೆ ಹೊರಡುವ ಗಡಿಬಿಡಿಯಲ್ಲಿ ಅವಳು ಬ್ಯಾಗಿಗೆ ಕೈ ಹಾಕಿದಳು. ಪಾಸ್‌ಪೋರ್ಟ್ ಇರಲಿಲ್ಲ. ಬಟ್ಟೆಗಳ ಸಂದಿಯಲ್ಲಿ, ಚಪ್ಪಲಿಯ ಕವರಿನಲ್ಲಿ, ಎಲ್ಲೂ ಇರಲಿಲ್ಲ. ರಾತ್ರಿ ಎಂಟಕ್ಕೆ ವಿಮಾನ. ಭಾನುವಾರ ಕಚೇರಿಗಳೆಲ್ಲ ಬಾಗಿಲು ಹಾಕಿರುತ್ತವೆ. ಹೊಸ ಕಾಗದ ಮಾಡಿಸಿಕೊಳ್ಳಲು ಎಷ್ಟು ದಿನವೋ. ಸೋಮವಾರ ಹತ್ತಕ್ಕೆ ಶಿವಲಕ್ಷ್ಮಿ ಒಬ್ಬಳೇ ಹೋಗಿ ಆ ಕುರ್ಚಿಯಲ್ಲಿ ಕೂರುತ್ತಾಳೆ.

ಕೇಳಬಹುದಿತ್ತು. ಬಾಯಿ ತೆರೆದು ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಶಾಲಿನಿಯ ಬುದ್ಧಿ ಆಗಲೇ ಪೊಲೀಸ್ ಠಾಣೆ ತೆರೆದು ಕೂತಿತ್ತು. ಕೇಳಿದರೆ ಇವಳು ಹುಷಾರಾಗುತ್ತಾಳೆ, ರೈಲಿನ ಕಿಟಕಿಯಿಂದ ಕಣಿವೆಗೆ ಎಸೆದರೂ ಎಸೆದಳು. ಮಾಲು ಸಮೇತ ಹಿಡಿಯಬೇಕು.

ಅಷ್ಟರಲ್ಲಿ ಶಿವಲಕ್ಷ್ಮಿ ತನ್ನ ಕಂಬಳಿ ತಂದು ಅವಳ ಮೈಗೆ ಸುತ್ತಿದಳು. "ಇನ್ನೂ ಮೈ ಬಿಸಿ ಐತೆ. ಊರು ಮುಟ್ಟೋಗಂಟ ಇದ್ನ ಕೆಳಕ್ಕಿಡಬ್ಯಾಡ. ಯಾರ್ಗೂ ಕೊಡಬ್ಯಾಡ," ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಎಂಟು ಮಂಚದಲ್ಲಿ ಐದು ಜನ ಅಪರಿಚಿತರು ಎದ್ದು ಕೂತಿದ್ದರು.

ಶಾಲಿನಿ ನೋಡಿದ್ದು ಅವಳ ತೋರುಬೆರಳನ್ನು. ತುದಿಗೆ ಬಟ್ಟೆಯ ಚೂರು ಕಟ್ಟಿತ್ತು.

"ಬೆರಳಿಗೇನಾಯ್ತು?"

"ಸೂಜಿ ಚುಚ್ಬುಡ್ತು," ಎಂದು ನಕ್ಕಳು ಶಿವಲಕ್ಷ್ಮಿ.

ಒಂದು ಕೈಚೀಲದಲ್ಲಿ ಬಂದವಳಿಗೆ ಸೂಜಿ ಎಲ್ಲಿಂದ ಬಂತು? ತನ್ನ ಬ್ಯಾಗಿನ ಮುರಿದ ಜಿಪ್ಪೇ ಕುಯ್ದಿರಬೇಕು. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡಳು ಶಾಲಿನಿ.

ಮೂರನೇ ದರ್ಜೆಯ ರೈಲು ಚಹಾ ತೋಟಗಳ ನಡುವೆ ತೆವಳುತ್ತ ಇಳಿಯಿತು. ನೋಡಬೇಕಾದ ನೋಟ. ಅದಕ್ಕೆಂದೇ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಶಾಲಿನಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಶಿವಲಕ್ಷ್ಮಿಯ ಬ್ಯಾಗೊಂದನ್ನೇ ನೋಡುತ್ತ ಕೂತಳು. ಕಂಬಳಿಯ ಮೂಲೆಯೊಂದು ಗಟ್ಟಿಯಾಗಿ ಪಕ್ಕೆಗೆ ಒತ್ತುತ್ತಿತ್ತು. ಕೃಷ್ಣಮ್ಮ ಇಟ್ಟ ಆಧಾರ್ ಜೆರಾಕ್ಸ್ ಎಂದುಕೊಂಡು ಅದನ್ನು ಸರಿಸಿದಳು.

ಶಿವಲಕ್ಷ್ಮಿ ಮತ್ತು ಅಸ್ರಾ ಫೋಟೊಗೆಂದು ಬಾಗಿಲ ಹತ್ತಿರ ಹೋದದ್ದೇ ತಡ, ಶಾಲಿನಿ ಆ ಬ್ಯಾಗಿಗೆ ಕೈ ಇಕ್ಕಿದಳು. ಒದ್ದೆ ಬಟ್ಟೆ, ರಾಗಿ ಹುರಿಹಿಟ್ಟಿನ ಡಬ್ಬಿ, ಶಿವಲಕ್ಷ್ಮಿಯದೇ ಪಾಸ್‌ಪೋರ್ಟ್. ಅದರಡಿಯಲ್ಲಿ ನಾಲ್ಕಾಗಿ ಮಡಿಚಿದ ಹಾಳೆಗಳು. ರಫ್ತಿನ ನಿಯಮ, ಬೊಂಬೆಯ ಮರದ ಹೆಸರುಗಳು, ಅರಗು ಹೇಗೆ ಕರಗುತ್ತದೆ ಎನ್ನುವುದು, ಎಲ್ಲ ಉರುಟುರುಟು ಅಕ್ಷರದಲ್ಲಿ. ಓದುವುದಿಲ್ಲವೆಂದು ಆಣೆ ಮಾಡಿದವಳು ಓದಿದ್ದಳು. ಶಾಲಿನಿಯ ಕಿವಿ ಬಿಸಿಯಾಯಿತು. ಆಣೆ ಮುರಿದವಳು ಏನು ಬೇಕಾದರೂ ಮಾಡಿಯಾಳು.

"ಏನ್ ಹುಡುಕ್ತಿದೀಯ?" ಅಸ್ರಾ ಹಿಂದೆಯೇ ನಿಂತಿದ್ದಳು, ಅವಳ ಹಿಂದೆ ಶಿವಲಕ್ಷ್ಮಿ.

"ಮಾತ್ರೆ."

ಶಿವಲಕ್ಷ್ಮಿ ತೆರೆದ ಬ್ಯಾಗನ್ನೂ ಹೊರಗೆ ಬಂದಿದ್ದ ಹಾಳೆಗಳನ್ನೂ ನೋಡಿದಳು. ಮುಖ ತುಸು ಕೆಂಪಾಯಿತು. "ಮಾತ್ರೆ ಮುಂದ್ಗಡೆ ಜೇಬ್ನಾಗೈತೆ," ಎಂದಳು. ಹಾಳೆಗಳನ್ನು ಎತ್ತಿ ಮಡಿಚುತ್ತ ತಾನೇ ಹೇಳಿದಳು, "ಆಣೆ ಮುರ್ದೆ ಕಣೆ. ನಿಂಗೆ ಹುಟ್ದಾಗ್ಲಿಂದ ಬೊಂಬೆ ಗೊತ್ತು. ನಂಗೆ ಓದ್ದೆ ಏನ್ ಬರ್ತದೆ?" ಶಾಲಿನಿ, ನಾಟಕ ಚೆನ್ನಾಗಿದೆ ಎಂದುಕೊಂಡಳು.

ಕೊಲಂಬೊ ಹತ್ತಿರವಾದಂತೆ ಸೆಖೆ ಏರಿತು. ಶಾಲಿನಿ ಕಂಬಳಿ ತೆಗೆದು ಮಡಿಚಿ ಸಾಮಾನಿನ ಹಲಗೆಯ ಮೇಲೆ ಇಟ್ಟಳು. ರೈಲು ನಿಂತಾಗ ಶಿವಲಕ್ಷ್ಮಿ ಮತ್ತು ಅಸ್ರಾ ಬ್ಯಾಗು ಹೊತ್ತು ಮುಂದೆ ಇಳಿದರು. ಶಾಲಿನಿ ಹಲಗೆಯತ್ತ ಕೈ ಎತ್ತಿ, ತಡೆದಳು. ಪುಟ್ಟಲಿಂಗಯ್ಯನ ಕುರಿಗಳ ಉಣ್ಣೆಯದು, ಅವರಜ್ಜಿ ನೂತದ್ದು ಎಂದು ಶಿವಲಕ್ಷ್ಮಿ ನೂರು ಸಲ ಹೇಳಿದ್ದಳು. ಅವಳೂ ಒಂದು ಕಳೆದುಕೊಳ್ಳಲಿ, ಹೇಗಿರುತ್ತದೆಂದು ಗೊತ್ತಾಗಲಿ. ಕೈ ಕೆಳಗಿಳಿಸಿ, ಬರಿಗೈಯಲ್ಲಿ ಇಳಿದಳು.

ಇಳಿದವಳಿಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಗಂಟೆ ನಾಲ್ಕಾಗಿತ್ತು. ಮೆಟ್ಟಿಲ ಹತ್ತಿರ ಶಿವಲಕ್ಷ್ಮಿಯ ಭುಜ ಹಿಡಿದು ನಿಲ್ಲಿಸಿದಳು.

"ನನ್ನ ಪಾಸ್‌ಪೋರ್ಟ್ ಕೊಡು."

ಶಿವಲಕ್ಷ್ಮಿ ಅವಳ ಹೆಗಲು ನೋಡಿದಳು, ಕೈ ನೋಡಿದಳು. "ಕಂಬಳಿ ಎಲ್ಲಿ?"

"ನಾನು ಕೇಳ್ತಿರೋದು ಪಾಸ್‌ಪೋರ್ಟ್."

"ನಾನೂ ಅದ್ನೇ ಕೇಳ್ತಿರೋದು. ಕಂಬಳಿ ಎಲ್ಲಿ?"

ಶಾಲಿನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಅರ್ಥವಾಯಿತು. ವಿಮಾನ ನಿಲ್ದಾಣದಲ್ಲಿ ಹಲ್ಲಿನಿಂದ ಕಿತ್ತ ದಾರ, ಕಟ್ಟಿದ ಬೆರಳು, ಪಕ್ಕೆಗೆ ಒತ್ತುತ್ತಿದ್ದ ಗಟ್ಟಿ ಮೂಲೆ. ಹಿಂದೆ ತಿರುಗಿದರೆ, ಖಾಲಿ ರೈಲು ಆಗಲೇ ಪ್ಲಾಟ್‌ಫಾರ್ಮ್ ಬಿಟ್ಟು ಯಾರ್ಡಿನ ಕಡೆ ಸರಿಯುತ್ತಿತ್ತು.

"ಒಳಗೆ," ಎಂದಳು. "ಹಲಗೆ ಮೇಲೆ."

ಶಿವಲಕ್ಷ್ಮಿ ಬ್ಯಾಗನ್ನು ಅಲ್ಲೇ ಎಸೆದು ಓಡಿದಳು. ಗಾರ್ಡ್ ಕೂಗಿದ, ಅವಳು ನಿಲ್ಲಲಿಲ್ಲ. ತಪ್ಪಿಸಿಕೊಂಡ ಕುರಿಮರಿಯ ಹಿಂದೆ ಓಡಿ ರೂಢಿಯಾದ ಕಾಲು. ಪ್ಲಾಟ್‌ಫಾರ್ಮಿನ ತುದಿಯ ಇಳಿಜಾರಿನಲ್ಲಿ ಇಳಿದು ಹಳಿಯ ಪಕ್ಕದ ಜಲ್ಲಿಯ ಮೇಲೆ ಅವಳು ಮರೆಯಾದಳು. ಅಸ್ರಾ ಏನು ಎತ್ತ ಎಂದು ಕೇಳುತ್ತಲೇ ಇದ್ದಳು. ಶಾಲಿನಿ ಶಿವಲಕ್ಷ್ಮಿಯ ಬ್ಯಾಗನ್ನು ಎದೆಗವಚಿಕೊಂಡು ನಿಂತಳು. ಇಪ್ಪತ್ತು ನಿಮಿಷ, ಮೂವತ್ತು. ಅವಳು ಬರುವುದು ತಡವಾದರೆ ವಿಮಾನದ ಜೊತೆ ಸೋಮವಾರದ ಹತ್ತು ಗಂಟೆಯೂ ಇಬ್ಬರಿಗೂ ತಪ್ಪುತ್ತದೆ ಎಂದು ಆಗ ಹೊಳೆಯಿತು. ಶಿವಲಕ್ಷ್ಮಿಗೆ ಅದು ಹೊಳೆದೇ ಇರಲಿಲ್ಲವೇ, ಅಥವಾ ಹೊಳೆದೂ ಓಡಿದಳೇ?

ಐದರ ಹೊತ್ತಿಗೆ ಅವಳು ಬಂದಳು. ಮೊಣಕಾಲು ತರಚಿತ್ತು. ಕಂಬಳಿ ಹೆಗಲ ಮೇಲಿತ್ತು. ಬೋಗಿ ಗುಡಿಸುವ ಹೆಂಗಸೊಬ್ಬಳು ಎತ್ತಿಟ್ಟಿದ್ದಳಂತೆ. ಬಾರದ ತಮಿಳಿನಲ್ಲಿ ಆಡು, ಆಡು ಎಂದು ಕುರಿಯ ಹೆಸರು ಹೇಳಿ, ಮೂಸಿ ತೋರಿಸಿದ ಮೇಲೆ ಕೊಟ್ಟಳಂತೆ. ಅಸ್ರಾ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಶಿವಲಕ್ಷ್ಮಿ ಮೆಟ್ಟಿಲ ಮೇಲೆ ಕೂತು ಮೂಲೆಯ ದಾರ ಹಲ್ಲಿನಲ್ಲಿ ಕಿತ್ತಳು. "ನಿನ್ ಬ್ಯಾಗಿಂದ ಜಾರಿ ಮಂಚದಡಿ ಬಿದ್ದಿತ್ತು. ಯಾವನೋ ಒಬ್ಬ ಅದ್ನೇ ನೋಡ್ತಾ ಕೂತಿದ್ದ. ಅಡ್ಗೆಯವ್ವನತ್ರ ಸೂಜಿ ಇಸ್ಕೊಂಡು ಹೊಲ್ದೆ. ಕೆಳಕ್ಕಿಡಬ್ಯಾಡ ಅಂತ ಹೇಳಿದ್ನಲ್ಲ. ನಿಂಗೆ ತಿಳೀತು ಅನ್ಕೊಂಡೆ." ಪಾಸ್‌ಪೋರ್ಟನ್ನು ಚಾಚಿ, ಆದರೆ ಕೈ ಬಿಡದೆ, ಕೇಳಿದಳು, "ಕಂಬಳಿ ಮರ್ತ್ ಬುಟ್ಯಾ?"

ಹೌದು ಎನ್ನುವುದು ಎಷ್ಟು ಸುಲಭವಿತ್ತು. ಜ್ವರದವಳು, ಮರೆತರೆ ಯಾರೂ ಬೈಯುತ್ತಿರಲಿಲ್ಲ. ಅನುಮಾನಕ್ಕೆ ಐದು ದಿನ ಸುಳ್ಳು ತಿನ್ನಿಸಿ ಸಾಕಾಗಿತ್ತು ಅವಳಿಗೆ.

"ಮರೀಲಿಲ್ಲ," ಎಂದಳು ಶಾಲಿನಿ. "ನೀನು ಕದ್ದೆ ಅಂತ ಬೇಕಂತಲೇ ಬಿಟ್ಟೆ."

ಶಿವಲಕ್ಷ್ಮಿ ಪಾಸ್‌ಪೋರ್ಟಿನಿಂದ ಕೈ ತೆಗೆದಳು. ಕಂಬಳಿ ಕೊಡವಿ, ಮೂಲೆಗೆ ಮೂಲೆ ಸೇರಿಸಿ ಮಡಿಚಿದಳು. "ಹೊತ್ತಾಯ್ತು, ನಡೀರಿ," ಎಂದಷ್ಟೇ ಎಂದಳು.

ವಿಮಾನ ಸಿಕ್ಕಿತು. ಅಸ್ರಾ ನಡುವಿನ ಸೀಟಿನಲ್ಲಿ ಕೂತು ಎರಡು ನಿಮಿಷಕ್ಕೇ ನಿದ್ದೆ ಹೋದಳು. ಆಚೆ ಕಿಟಕಿಯ ಪಕ್ಕ ಶಿವಲಕ್ಷ್ಮಿ ಹಾಳೆಗಳನ್ನು ತೆರೆದು, ಮುಚ್ಚುಮರೆಯಿಲ್ಲದೆ, ತುಟಿ ಆಡಿಸುತ್ತ ಓದತೊಡಗಿದಳು. ಅರ್ಧ ದಾರಿಯಲ್ಲಿ ತಲೆ ಎತ್ತದೆಯೇ, "ಹತ್ತಕ್ಕೆ ಸರಿಯಾಗಿ ಬಂದ್ಬುಡು, ತಡ ಮಾಡಬ್ಯಾಡ," ಎಂದಳು.

"ಬರ್ತೀನಿ."

ತಲೆಯ ಮೇಲಿಂದ ತಣ್ಣನೆಯ ಗಾಳಿ ಸುರಿಯುತ್ತಿತ್ತು, ಮೈಯಲ್ಲಿ ಜ್ವರ ಇನ್ನೂ ಇತ್ತು. ಹೋಗುವಾಗ ಇದೇ ಚಳಿಗೆ ಶಿವಲಕ್ಷ್ಮಿ ಕೇಳುವ ಮುಂಚೆಯೇ ಅರ್ಧ ಕಂಬಳಿಯನ್ನು ಇವಳ ಮೇಲೆ ಎಳೆದಿದ್ದಳು, ಇವಳು ವಾಸನೆ ಎಂದು ಮೂಗು ಮುರಿದಿದ್ದಳು. ಈಗ ಅದು ಶಿವಲಕ್ಷ್ಮಿಯ ತೊಡೆಯ ಮೇಲೆ ಮಡಿಚಿದ ಹಾಗೆಯೇ ಇತ್ತು. ಕೇಳಿದರೆ ಕೊಡುತ್ತಾಳೆ, ಅದರಲ್ಲಿ ಶಾಲಿನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎರಡು ಕೈಗಳನ್ನು ಕಂಕುಳಲ್ಲಿ ಅವಚಿಕೊಂಡು, ಹಲ್ಲು ಕಟಕಟಿಸುವುದು ಯಾರಿಗೂ ಕೇಳಿಸದಂತೆ ಬಾಯಿ ಬಿಗಿಹಿಡಿದು, ಅವಳು ಬೆಂಗಳೂರಿನ ತನಕ ಕೂತಿದ್ದಳು.