ದೋಣಿಕಟ್ಟೆಯಲ್ಲಿ ನಡೆದ ವಾರ್ಷಿಕ ಸಭೆ

ಸ್ವೀಡನ್ನಿನ ಓರೆಬ್ರೂ ಊರಿನಲ್ಲಿ ಶೋಭನಾಳ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಜನ ಹೆಚ್ಚಾಗಿ, ಕಾಯುವವರು ಮೆಟ್ಟಿಲ ಮೇಲೆ ಕೂರುವಂತಾಗಿತ್ತು. ಕ್ಲಿನಿಕ್ ಅವಳೊಬ್ಬಳದೇ ಅಲ್ಲ. ಅವಳೂ ಇಂಗೆಗೆರ್ಡ್ ಎಂಬ ಹಿರಿಯ ಫಿಸಿಯೋಥೆರಪಿಸ್ಟೂ ಸಮಪಾಲಿನಲ್ಲಿ ಕಟ್ಟಿದ ಕಂಪನಿ ಅದು. ಪಕ್ಕದ ಬೀದಿಯಲ್ಲಿ ದೊಡ್ಡ ಹಾಲ್ ಇರುವ ಜಾಗ ಸಿಕ್ಕಿತ್ತು. ಇನ್ನೇನು ಬಾಡಿಗೆ ಕರಾರಿಗೆ ಸಹಿ ಬೀಳಬೇಕು, ಅಷ್ಟರಲ್ಲಿ ಕಟ್ಟಡದ ಮಾಲೀಕ ಫೋನ್ ಮಾಡಿದ.

"ನಿಮ್ಮ ಕಂಪನಿಯ ಹೋದ ವರ್ಷದ ವಾರ್ಷಿಕ ವರದಿ ಸರ್ಕಾರದ ನೋಂದಣಿ ಕಚೇರಿಗೆ ಸಲ್ಲಿಕೆಯೇ ಆಗಿಲ್ಲ. ಗಡುವು ಜುಲೈಗೇ ಮುಗೀತು. ಸಲ್ಲಿಸಿದ ರಸೀದಿ ತೋರಿಸಿ, ಆಮೇಲೆ ಕರಾರು. ನಾಳೆವರೆಗೆ ಕಾಯ್ತೀನಿ."

ಶೋಭನಾ ತಕ್ಷಣವೇ ಲುಂಡ್ ಊರಿನಲ್ಲಿದ್ದ ಅಕೌಂಟೆಂಟ್ ರಮಾನಂದರಿಗೆ ಫೋನ್ ಹಚ್ಚಿದಳು.

"ಮೇಡಂ, ವರದಿ ಮೇ ತಿಂಗಳಲ್ಲೇ ರೆಡಿ ಇತ್ತು. ನೀವು ಸೈನ್ ಮಾಡಿದ್ರಿ, ಇಂಗೆಗೆರ್ಡ್ ಮಾಡ್ಲಿಲ್ಲ. ಇಬ್ರಿಗೂ ರಿಮೈಂಡರ್ ಹಾಕಿದ್ದೆ."

"ನಾನು ಅವ್ರು ಮಾಡಿರ್ತಾರೆ ಅಂದ್ಕೊಂಡೆ, ಸರ್."

"ಅವರ ಸೈನ್ ಬೇಕು. ಜೊತೆಗೆ ಶೇರುದಾರರ ಮೀಟಿಂಗ್ ಮಾಡಿ ವರದಿ ಪಾಸ್ ಮಾಡ್ಬೇಕು. ಅದೆರಡು ಆದ್ರೆ ಐದೇ ನಿಮಿಷ, ನಾನು ಅಪ್‌ಲೋಡ್ ಮಾಡ್ತೀನಿ."

ಇಂಗೆಗೆರ್ಡ್ ಮಾತ್ರ ಬೇಸಿಗೆ ರಜೆಗೆಂದು ಯೆಲ್ಮಾರೆನ್ ಸರೋವರದ ದ್ವೀಪದಲ್ಲಿರುವ ತನ್ನ ಪುಟ್ಟ ಮನೆ ಸೇರಿದ್ದಳು. ಫೋನ್ ಸ್ವಿಚ್ ಆಫ್.

"ಫೋನ್ ಎತ್ತಲ್ಲ ಅಂದ್ರೆ ಹೋಗಿ ಬಾಗಿಲು ತಟ್ಟೋದೇ. ನಡಿ," ಎಂದು ಗಂಡ ಹರ್ಷ ಕಾರಿನ ಕೀಲಿ ತೆಗೆದುಕೊಂಡ.

ಬರಿಗೈಯಲ್ಲಿ ಹೋಗಲು ಮನಸ್ಸು ಬಾರದೆ ಶೋಭನಾ ಬೆಳಗಿನ ಚಿತ್ರಾನ್ನವನ್ನೇ ಡಬ್ಬಿಗೆ ತುಂಬಿದಳು. ದಾರಿಯುದ್ದಕ್ಕೂ, ಫೆರಿಯಲ್ಲಿ ಕೂತಾಗಲೂ, ಸಿಟ್ಟಿನ ಮಾತುಗಳನ್ನು ಸ್ವೀಡಿಷ್‌ನಲ್ಲಿ ಜೋಡಿಸಿಕೊಳ್ಳುತ್ತಲೇ ಇದ್ದಳು.

ದ್ವೀಪದಲ್ಲಿ ನೋಡಿದರೆ ದೋಣಿಕಟ್ಟೆಯ ಮೇಲೆ ಉದ್ದನೆಯ ಮೇಜು, ತಟ್ಟೆಗಳಲ್ಲಿ ರಾಶಿ ರಾಶಿ ಕೆಂಪು ಸಿಗಡಿ, ತಲೆಗೆ ಕಾಗದದ ಟೋಪಿ ಹಾಕಿಕೊಂಡು ಗಂಟಲೆತ್ತಿ ಹಾಡುತ್ತಿದ್ದ ನೆರೆಹೊರೆಯವರು. ಆಗಸ್ಟ್ ತಿಂಗಳ ಸಿಗಡಿ ಹಬ್ಬ. ನಡುವೆ ಕೂತಿದ್ದ ಇಂಗೆಗೆರ್ಡ್ ಶೋಭನಾಳನ್ನು ಕಂಡದ್ದೇ ತಡ, ಹಾಡು ನಿಲ್ಲಿಸಿ ಎದ್ದು ಬಂದಳು.

"ವರದಿ ವಿಷಯ ತಾನೇ?"

"ಗೊತ್ತಿದ್ದೂ ಸಹಿ ಹಾಕಲಿಲ್ಲವಾ?"

ಇಂಗೆಗೆರ್ಡ್ ಎರಡೂ ಕೈ ಮುಂದೆ ಚಾಚಿದಳು. ಹೆಬ್ಬೆರಳುಗಳ ಬುಡ ಊದಿತ್ತು. "ಸಂಧಿವಾತ. ಇನ್ನು ಈ ಕೈಯಲ್ಲಿ ಯಾರ ಬೆನ್ನನ್ನೂ ಒತ್ತಲಾರೆ. ಸಹಿಗೆ ಮುಂಚೆ ನಿನಗೆ ಇದನ್ನು ಹೇಳಬೇಕು ಅಂತಿದ್ದೆ. ನೀನು ಹೊಸ ಜಾಗ, ಹೊಸ ಜಾಗ ಅಂತ ಕುಣೀತಿದ್ದೆ. ಬಾಯೇ ಬರಲಿಲ್ಲ. ನಾಳೆ, ನಾಳೆ ಅಂತ ತಳ್ಳಿ ಕೊನೆಗೆ ಇಲ್ಲಿ ಬಂದು ಅಡಗಿಕೊಂಡೆ."

ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಶೋಭನಾಳಿಗೆ ಮರೆತೇಹೋಯಿತು. ತಾನು ಓರೆಬ್ರೂಗೆ ಬಂದ ಹೊಸತರಲ್ಲಿ ಪರೀಕ್ಷೆಗೆ ಓದಿಸಿ, ಫಿಸಿಯೋಥೆರಪಿ ಲೈಸೆನ್ಸ್ ಕೈಗೆ ಬರುವವರೆಗೂ ಬೆನ್ನಿಗೆ ನಿಂತವಳು ಇವಳೇ. ಆ ಕೈಗಳನ್ನು ಮೆಲ್ಲಗೆ ಹಿಡಿದು, ಅಭ್ಯಾಸಬಲದಿಂದ, ಒಂದೊಂದೇ ಕೀಲನ್ನು ಪರೀಕ್ಷಿಸಿದಳು.

"ಎಷ್ಟು ದಿನದಿಂದ ನೋವು? ನನಗೆ ತೋರಿಸೋಕೇನಾಗಿತ್ತು?"

"ನಿನ್ನ ಕ್ಯೂ ಉದ್ದ ಇತ್ತು," ಎಂದಳು ಇಂಗೆಗೆರ್ಡ್.

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಕೇಳು," ಎಂದಳು ಶೋಭನಾ. "ಮುದುಕರನ್ನು ಗದರಿಸಿ ನಡೆಸೋಕೆ ನಿನ್ನಷ್ಟು ಗಟ್ಟಿ ಬಾಯಿ ನನಗಿಲ್ಲ. ಹೊಸ ಜಾಗದಲ್ಲಿ ಹಾಲ್ ಇದೆ. ಗುಂಪು ವ್ಯಾಯಾಮದ ತರಗತಿ ನೀನು ನಡೆಸು. ವಾರಕ್ಕೆ ಎರಡು ದಿನ. ಒತ್ತೋದು, ತಿಕ್ಕೋದು ನನಗೆ ಬಿಡು."

"ಆಗಲಿ," ಎಂದಳು ಇಂಗೆಗೆರ್ಡ್. ಆಮೇಲೆ ಟೋಪಿ ಸರಿಮಾಡಿಕೊಂಡು ಮೇಜಿನತ್ತ ತಿರುಗಿ ಕೂಗಿದಳು: "ಎಲ್ಲರೂ ಸುಮ್ಮನಿರಿ! ನಮ್ಮ ಕಂಪನಿಯ ವಾರ್ಷಿಕ ಸಭೆ ಈಗ ಶುರು!"

ಅಧ್ಯಕ್ಷೆ ಇಂಗೆಗೆರ್ಡ್. ಶೋಭನಾ ಲ್ಯಾಪ್‌ಟಾಪ್ ಬಿಚ್ಚಿ ನಡಾವಳಿ ಬರೆದಳು. ಸಾಕ್ಷಿಗೆ ಹರ್ಷ. ಇಂಗೆಗೆರ್ಡ್ ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿಸಿಕೊಂಡು, ಚಾರ್ಜಿಗಿಟ್ಟ ತನ್ನ ಫೋನಿನಲ್ಲಿ ಡಿಜಿಟಲ್ ಸಹಿ ಹಾಕಿದಳು. "ಅಂಗೀಕಾರವೇ?" ಎಂದು ಅವಳು ಕೇಳಿದರೆ, ಶೇರುದಾರರಲ್ಲದ ನೆರೆಯವರೂ ಗ್ಲಾಸೆತ್ತಿ "ಹೌದು!" ಎಂದು ಅಬ್ಬರಿಸಿದರು.

ನಡಾವಳಿ ಮೇಲ್ ಮಾಡಿದ ಸ್ವಲ್ಪ ಹೊತ್ತಿಗೆ ರಮಾನಂದರ ಫೋನ್ ಬಂತು. "ಹೋಯ್ತು ಮೇಡಂ, ರಸೀದಿ ಮೇಲ್ ಮಾಡಿದೀನಿ. ತಡವಾಗಿದ್ದಕ್ಕೆ ದಂಡ ಬರುತ್ತೆ, ಅದ್ರಿಂದ ತಪ್ಪಿಸ್ಕೊಳ್ಳೋಕಾಗಲ್ಲ. ಅಲ್ಲೇನ್ ಅಷ್ಟು ಗಲಾಟೆ?"

"ಮೀಟಿಂಗ್, ಸರ್!"

ಸಸ್ಯಾಹಾರಿ ಹರ್ಷ ಬೇಯಿಸಿದ ಆಲೂಗಡ್ಡೆಗೆ ಕೈಹಾಕಿದ. ಚಿತ್ರಾನ್ನದ ಡಬ್ಬಿ ಮಾತ್ರ ಅವನ ತನಕ ಬರಲೇ ಇಲ್ಲ, ಮೇಜಿನ ಆ ತುದಿಯಲ್ಲೇ ಖಾಲಿಯಾಯಿತು. ಮರುದಿನ ಮಾಲೀಕ ರಸೀದಿ ನೋಡಿ ಕರಾರಿಗೆ ಸಹಿ ಹಾಕಿದ. ದಂಡವೂ ಬಂತು, ಇಬ್ಬರೂ ಗೊಣಗಿಕೊಂಡೇ ಕಟ್ಟಿದರು. ಅಕ್ಟೋಬರಿನ ಮೊದಲ ತರಗತಿಗೆ ಹಾಲ್ ತುಂಬ ಜನ. ಒಳಗಿನ ಕೋಣೆಯಲ್ಲಿ ಯಾರದೋ ಭುಜ ಒತ್ತುತ್ತಿದ್ದ ಶೋಭನಾಳಿಗೆ ಗೋಡೆಯಾಚೆಯಿಂದ ಇಂಗೆಗೆರ್ಡಳ ಗದರಿಕೆ ಕೇಳಿಸಿತು: "ಮಂಡಿ ಮೇಲೆತ್ತಿ, ಇನ್ನೂ ಮೇಲೆ!"