ಬೆಲ್ಟಿನ ಅಭ್ಯಂಜನ

ತಲ್ಲೂರಿನ ಶೇಖರನ ಅಕ್ಕಿಗಿರಣಿಯಲ್ಲಿ ನರಕಚತುರ್ದಶಿಯಂದು ಯಂತ್ರಕ್ಕೂ ಅಭ್ಯಂಜನ. ಬೇರಿಂಗುಗಳಿಗೆ ಎಣ್ಣೆಯುಣಿಸಿ, ಮೊದಲ ಮುಷ್ಟಿ ಅಕ್ಕಿಯನ್ನು ದೇವರ ಕೋಣೆಗೆ ಒಪ್ಪಿಸಿದ ಬಳಿಕವೇ ಊರವರ ಭತ್ತಕ್ಕೆ ಸರದಿ. ಶೇಖರ ತೀರಿಕೊಂಡು ವರ್ಷಾಂತಿಕವೂ ಕಳೆದಿದ್ದ ೧೯೯೯ರ ದೀಪಾವಳಿಗೆ, ಮುಂಬಯಿಯ ಹೋಟೆಲಿನಿಂದ ಬಂದ ಅವನ ತಮ್ಮ ಉಮಾನಾಥ ಆ ಕೈಂಕರ್ಯವನ್ನು ತಾನೇ ವಹಿಸಿಕೊಂಡ. ಭಕ್ತಿ ಅವನಲ್ಲಿ ಧಾರಾಳವಾಗಿತ್ತು. ಯಾವ ಅಂಗವೂ ಒಣಗಿರಬಾರದೆಂದು ಉದ್ದನೆಯ ಬೆಲ್ಟಿಗೂ ಕೊಬ್ಬರಿ ಎಣ್ಣೆಯನ್ನು ತೀಡಿದ.

ಶೇಖರನ ಹೆಂಡತಿ ಪ್ರಭಾವತಿ ಸ್ವಿಚ್ ಒತ್ತಿದಳು. ಮೋಟಾರು ಭೋರ್ಗರೆಯಿತು, ಬೆಲ್ಟು ಜಾರಿತು, ಗಿರಣಿ ಕದಲಲಿಲ್ಲ. ಸುಟ್ಟ ರಬ್ಬರಿನ ವಾಸನೆ ಬಂದೊಡನೆ ಆಕೆ ಮೋಟಾರು ನಿಲ್ಲಿಸಿದಳು.

"ಕಂಡ್ರ್ಯಾ ಅತ್ಗೆ?" ಉಮಾನಾಥ ಕೈ ಚಾಚಿದ. "ಗಂಡ ಇಲ್ಲದ ಹೆಂಗ್ಸಿನ ಕೈಯಂಗೆ ಯಂತ್ರ ತಿರ್ಗುದಿಲ್ಲ. ಬೀಗದ ಕೈ ಕೊಡಿ, ಗಿರಣಿ ನಾ ನೋಡ್ಕಂತೆ."

"ಬೆಲ್ಟಿಗೆ ಎಣ್ಣೆ ಹಚ್ಚದ್ದ್ ಯಾರ್?"

"ಹಬ್ಬದ ಶಾಸ್ತ್ರ ಅಲ್ದಾ!"

"ಅರ್ಧ ಶಾಸ್ತ್ರ. ಎಣ್ಣೆ ಹಚ್ಚ್ಕಂಡ್ ನೀ ಹಾಂಗೇ ಉಂಬುಕೆ ಕೂಕಂತ್ಯಾ? ಸೀಗೆಪುಡಿ ಹಾಕಿ ಮೀಯುದಿಲ್ಯಾ?"

ಭತ್ತದ ಮೂಟೆಯ ಮೇಲೆ ಕುಳಿತಿದ್ದ ನೆರೆಮನೆಯ ಜಲಜ ಗೊಳ್ಳೆಂದು ನಕ್ಕಳು. "ಹ್ವಾಯ್ ಪ್ರಭಾವತಿ, ಬಚ್ಚಲೊಲೆ ಇನ್ನೂ ಆರ್ಲಿಲ್ಲ. ಬಿಸಿನೀರ್ ನಾ ತತ್ತೆ!"

ಪ್ರಭಾವತಿ ಸೆರಗು ಸಿಕ್ಕಿಸಿ ಬೆಲ್ಟನ್ನು ಕಳಚಿದಳು. ಸೀಗೆಪುಡಿಯಿಂದ ಅದರ ಎರಡೂ ಮೈಗಳನ್ನು ತಿಕ್ಕಿ, ಜಲಜ ತಂದ ಬಿಸಿನೀರಿನಲ್ಲಿ ತೊಳೆದು, ಬೆಲ್ಟು ಸುತ್ತುವ ಪುಲ್ಲಿಗಾಲಿಗಳ ಜಿಡ್ಡನ್ನೂ ತೊಡೆದಳು. ಬೇರಿಂಗಿನ ಎಣ್ಣೆಯನ್ನು ಮಾತ್ರ ಮುಟ್ಟಲಿಲ್ಲ. ಉಜ್ಜದೆ ತಿರುಗಬೇಕಾದುದಕ್ಕೆ ಎಣ್ಣೆಯೇ ಆಯುಸ್ಸು. ಬಿಗಿಹಿಡಿದು ಎಳೆಯಬೇಕಾದುದಕ್ಕೆ ಅದೇ ಎಣ್ಣೆ ಕುತ್ತು.

"ಹೊತ್ತ್ ಮೀರ್ತ್, ದೇವರ ಅಕ್ಕಿ ತಪ್ಪಿತ್!" ಉಮಾನಾಥ ಗದರಿದ.

"ದೇವ್ರಿಗೆ ಅವಸರ ಇಲ್ಲ. ನಿಂಗೇ ಇಪ್ಪುದ್."

ಅಂಗಳದ ಬಿಸಿಲಿನಲ್ಲಿ ಬೆಲ್ಟು ಚೆನ್ನಾಗಿ ಒಣಗಿತು. ಅದನ್ನು ಮತ್ತೆ ಏರಿಸಿ, ಕುಲದೈವಕ್ಕೆ ಕೈಮುಗಿದು, ಪ್ರಭಾವತಿ ಸ್ವಿಚ್ ಒತ್ತಿದಳು. ಬೆಲ್ಟು ಪುಲ್ಲಿಯನ್ನು ಕಚ್ಚಿಹಿಡಿಯಿತು. ನೆಲ ನಡುಗಿತು, ಉಮಿ ಹಾರಿತು, ಕೆಂಪಕ್ಕಿ ಧಾರೆಯಾಗಿ ಸುರಿಯಿತು.

ಆಗ ಬೀಗದ ಕೈಗಾಗಿ ಚಾಚಿದ್ದ ಮೈದುನನ ಅಂಗೈಯನ್ನು ಈಗ ಎಳೆದು, ಆಕೆ ಮೊದಲ ಮುಷ್ಟಿ ಅಕ್ಕಿಯನ್ನು ಅದರೊಳಗೆ ಸುರಿದಳು.

"ದೇವರ ಕೋಣೆಯಂಗೆ ಇಟ್ಟ್ ಬಾ," ಎಂದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಜಲಜ, ನಿನ್ನ ಮೂಟೆ ತಕಂಬಾ."