ಬಹುಳ ಅಷ್ಟಮಿ, ಮಂಗಳವಾರ

ತೆಂಗಿನಕಾಯಿಯ ಕೆಳಗೆ ದರ್ಭೆಯ ಕತ್ತು ನಿಲ್ಲುತ್ತಿರಲಿಲ್ಲ. ರಘೋತ್ತಮರಾಯರು ಎರಡು ಸಲ ಉಣ್ಣೆಯ ದಾರ ಸುತ್ತಿದರು. ಎರಡು ಸಲವೂ ತಲೆ ಪಕ್ಕಕ್ಕೆ ಉರುಳಿ ಬಾಳೆಯೆಲೆಯ ಅಂಚಿಗೆ ಹೋಗಿ ನಿಂತಿತು. ಮೂರನೆಯ ಸಲ ಪುರೋಹಿತರಾದ ದ್ವಾರಕಾನಾಥಾಚಾರ್ಯರು ತಾವೇ ಕೈಹಾಕಿ, ಇನ್ನಷ್ಟು ದರ್ಭೆ ಸೇರಿಸಿ ಬಿಗಿದರು.

"ಶಾಸ್ತ್ರದ ಮುನ್ನೂರ ಅರವತ್ತು ಎಳೆ ಮೀರಿತಲ್ಲ" ಎಂದರು ರಾಯರು.

"ಮೀರಲಿ ಬಿಡಿ. ಕತ್ತು ನಿಲ್ಲಬೇಕಲ್ಲ."

ಅದು ಪ್ರದ್ಯುಮ್ನನ ದೇಹ. ಹನ್ನೊಂದು ದಿನಗಳ ಹಿಂದೆ, ಹಿಮಾಲಯದ ಆಚೆ ಮಗ್ಗುಲಿನ ಮುಸ್ತಾಂಗ ಸೀಮೆಯಲ್ಲಿ, ಗಂಡಕಿ ನದಿಯ ಮೇಲಣ ಕಡಿದಾದ ದರಿಯಲ್ಲಿದ್ದ ಹಳೆಯ ಗವಿಯೊಂದರ ಚಿತ್ರ ತೆಗೆಯಲು ಹತ್ತಿದ್ದಾಗ, ರಾಯರ ಒಬ್ಬನೇ ಮಗನಾದ ಅವನನ್ನು ಆ ದರಿಯೇ ಕುಸಿದು ಹೊಳೆಗೆ ಒಯ್ದಿತ್ತು. ಆರು ದಿನ ಹುಡುಕಿದರು. ಕ್ಯಾಮೆರಾದ ಚೀಲ ಸಿಕ್ಕಿತು, ಅವನು ಸಿಗಲಿಲ್ಲ. ದೇಹ ಸಿಗದವನಿಗೆ ದರ್ಭೆಯಿಂದ ದೇಹ ಕಟ್ಟಿ ಸುಡಬೇಕೆಂಬುದು ಶಾಸ್ತ್ರ. ಅವನಿಗಿದ್ದದ್ದು ಒಬ್ಬಳು ಮಗಳು, ಹನ್ನೊಂದು ವರ್ಷದ ಗಾರ್ಗಿ. ಹಾಗಾಗಿ ಎಪ್ಪತ್ತೆಂಟು ವರ್ಷದ ತಂದೆಯೇ ಒದ್ದೆಪಂಚೆಯುಟ್ಟು ಕರ್ಮಕ್ಕೆ ಕುಳಿತಿದ್ದರು.

ಹೆಣವಿಲ್ಲದೆ, ಕಾಗದಪತ್ರವಿಲ್ಲದೆ ತಾವು ಒಲೆ ಹೊತ್ತಿಸುವಂತಿಲ್ಲವೆಂದು ಚಿತಾಗಾರದವರು ವಿನಯವಾಗಿಯೇ ಹೇಳಿದ್ದರು. ಆದ್ದರಿಂದ ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನ ಮನೆಯ ಹಿತ್ತಲಲ್ಲೇ, ಚಳಿಯ ಸಂಜೆಗಳಲ್ಲಿ ಮಕ್ಕಳು ಜೋಳ ಸುಡುತ್ತಿದ್ದ ಕಬ್ಬಿಣದ ಕುಂಡವನ್ನು ತೊಳೆದು ಇಟ್ಟಿದ್ದರು. ಬೇಲಿಯಾಚೆಯ ಮನೆಯವರು ಹ್ಯಾಲೊವೀನ್ ಎಂಬ ಭೂತಗಳ ಹಬ್ಬಕ್ಕೆಂದು ಮರಕ್ಕೆ ತೂಗುಹಾಕಿದ್ದ ಪ್ಲಾಸ್ಟಿಕ್ಕಿನ ಅಸ್ಥಿಪಂಜರ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಯಾರೋ ಹೋಗಿ ವಿಷಯ ತಿಳಿಸಿದ ಮೇಲೆ ಆ ಮನೆಯಾಕೆ ಮುಖ ಕೆಂಪು ಮಾಡಿಕೊಂಡು ಬಂದು, ಅದನ್ನು ಬಿಚ್ಚಿ, ಮಗುವಿನಂತೆ ಎತ್ತಿಕೊಂಡು ಒಳಗೆ ಹೋದಳು.

ಏರ್ಪಾಡೆಲ್ಲ ಅರವಿಂದನದು. ಪ್ರದ್ಯುಮ್ನನ ಜೊತೆ ಕಾರಿನ ಬ್ಯಾಟರಿ ಪರೀಕ್ಷಿಸುವ ಕೆಲಸದಲ್ಲಿದ್ದವನು. ಅವನು ಬಂದು ರಾಯರ ಕಿವಿಯ ಬಳಿ ಬಗ್ಗಿದ.

"ಅಂಕಲ್, ಅರ್ಜೆಂಟ್ ಮಾಡ್ತಿದೀನಿ ಅಂದ್ಕೋಬೇಡಿ. ಸೌದೆ ಸುಡೋದಕ್ಕೆ ಇವತ್ತು ಮಾತ್ರ ಪರ್ಮಿಷನ್ನು. ನಾಳೆಯಿಂದ ಗಾಳಿ ಕೆಡತ್ತೆ ಅಂತ ಅಲರ್ಟು ಬಂದಿದೆ."

ರಾಯರು ತಲೆಯಾಡಿಸಿದರು. ಅವನು ಆಚೆ ಹೋದ ಮೇಲೆ, ದಾರದ ತುದಿಯನ್ನು ಕತ್ತರಿಸುತ್ತ, ಯಾವುದೋ ಬೇರೆ ಮನೆಯ ವಿಚಾರವೆಂಬಂತೆ ಕೇಳಿದರು. "ಆಚಾರ್ಯರೇ, ಸಂಶಯ ಇದ್ದರೆ?"

"ಏನು ಸಂಶಯ?"

"ಹೋದನೋ ಇಲ್ಲವೋ ಅಂತ."

"ಸಂಶಯ ಇದ್ದರೆ ಇದು ಕೂಡದು. ಹನ್ನೆರಡು ವರ್ಷ ಕಾಯಬೇಕು. ಇದಾದ ಮೇಲೆ ಅವನೇ ಬಾಗಿಲಿಗೆ ಬಂದು ನಿಂತರೂ ನಮ್ಮ ಪಾಲಿಗೆ ಸತ್ತವನೇ. ಮತ್ತೆ ಜಾತಕರ್ಮದಿಂದ ಶುರು ಮಾಡಬೇಕಾಗತ್ತೆ." ಆಚಾರ್ಯರು ದರ್ಭೆ ಕೆಳಗಿಟ್ಟು ಅವರ ಮುಖ ನೋಡಿದರು. "ಇದೆಯೇ ರಾಯರೇ?"

ರಾಯರು ಪಂಚೆಯ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಪಂಚೆಯ ಸೊಂಟಕ್ಕೆ ನಾಲ್ಕು ಮಡಿಕೆಯ ಚೀಟಿಯೊಂದನ್ನು ಸಿಕ್ಕಿಸಿಕೊಂಡಿದ್ದರು. ಒದ್ದೆಗೆ ಅದು ಮೈಗೆ ಅಂಟಿಕೊಂಡಿತ್ತು.

ಹಿತ್ತಲ ತುಂಬ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಗಂಡಕಿಯಲ್ಲಿ ಹೋಗುವುದಕ್ಕೆ ಏಳು ಜನ್ಮದ ಪುಣ್ಯ ಬೇಕೆಂದು ಒಬ್ಬ ಹೆಂಗಸು ಹೇಳಿದಳು. ನಲವತ್ತನಾಲ್ಕು ವರ್ಷಕ್ಕೆ ಯಾರಿಗೆ ಬೇಕಿತ್ತು ಆ ಪುಣ್ಯ ಎಂದು ಇನ್ನೊಬ್ಬಳು ಮೆಲ್ಲಗೆ ಅಂದಳು. ಆಫೀಸಿನವರ ಗುಂಪಿನಲ್ಲಿ ಪ್ರದ್ಯುಮ್ನ ಯಾವ ಮೀಟಿಂಗಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ ಎಂಬ ಮಾತು ಬಂತು. "ಇವತ್ತೂ ಬಂದಿಲ್ಲ ನೋಡಿ" ಎಂದುಬಿಟ್ಟ ಒಬ್ಬ. ಇಬ್ಬರು ನಕ್ಕರು. ನಕ್ಕವರು ಒಡನೆಯೇ ನೆಲ ನೋಡುತ್ತ ನಿಂತರು.

ಬೇಲಿಯ ಮೂಲೆಯಲ್ಲಿ, ಯಾರ ಜೊತೆಗೂ ಸೇರದೆ, ವಾಹಿದ್ ನಿಂತಿದ್ದ. ವಿಜಯಪುರದವನು. ಐದು ವರ್ಷಗಳಿಂದ ಪ್ರದ್ಯುಮ್ನನ ಗವಿಯಾತ್ರೆಯ ಜೊತೆಗಾರ. ಆ ದಿನ ಕಾಲು ಉಳುಕಿತ್ತೆಂದು ಕೆಳಗಿನ ಹಳ್ಳಿಯಲ್ಲಿ ಉಳಿದಿದ್ದ. ಕ್ಯಾಮೆರಾ ತಂದುಕೊಟ್ಟವನೂ ಅವನೇ. ಬಂದು ಮೂರು ದಿನವಾಗಿತ್ತು. ರಾಯರು ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಜನ ಅದನ್ನು ಕೋಪವೆಂದು ತಿಳಿದರು. ಅದು ಕೋಪವಲ್ಲ, ಅವನು ಏನು ಹೇಳಿಬಿಡುತ್ತಾನೋ ಎಂಬ ಭಯ.

*

ಹೊರಡುವ ಹಿಂದಿನ ವಾರ ಪ್ರದ್ಯುಮ್ನ ತಂದೆಯ ಪಕ್ಕದಲ್ಲಿ ಕುಳಿತು ಹಿಂದಿನ ವರ್ಷದ ಚಿತ್ರಗಳನ್ನು ತೋರಿಸಿದ್ದ. ಬಾನೆತ್ತರದ ಮಣ್ಣುಬಂಡೆ, ಅದರ ಮೈತುಂಬ ಪಾರಿವಾಳದ ಗೂಡಿನಂತೆ ಸಾಲುಸಾಲು ತೂತುಗಳು. ಒಂದಕ್ಕೂ ಮೆಟ್ಟಿಲಿಲ್ಲ. ಹಗ್ಗ ಕಟ್ಟಿಯೇ ಹತ್ತಬೇಕು. ಒಳಗೆ ದೇವರ ಚಿತ್ರವಿದ್ದ ಗವಿಗಳೂ ಇದ್ದುವು. ಅವನ್ನು ತೆಗೆಯಲು ದೊಡ್ಡ ದೊಡ್ಡವರು ಬರುತ್ತಿದ್ದರು. ಪ್ರದ್ಯುಮ್ನ ತೆಗೆಯುತ್ತಿದ್ದುದು ಉಳಿದವನ್ನು.

"ಇದರಲ್ಲಿ ಏನಿದೆಯೋ?"

"ಏನೂ ಇಲ್ಲಪ್ಪ. ಹೊಗೆಯ ಮಸಿ. ಎರಡು ಸಾವಿರ ವರ್ಷದ ಹಿಂದೆ ಯಾರೋ ಅಡುಗೆ ಮಾಡಿದಾರೆ."

"ಎರಡು ವಾರದ ರಜ ಹಾಕಿ, ಹಗ್ಗದಲ್ಲಿ ನೇತಾಡಿ, ಕಂಡವರ ಅಡುಗೆಮನೆ ನೋಡಿಬರೋದು."

ಪ್ರದ್ಯುಮ್ನ ನಕ್ಕಿದ್ದ. ರಾಯರು ನಗಲಿಲ್ಲ. ಮುಕ್ತಿನಾಥ ಆ ದಾರಿಯಲ್ಲೇ ಇದೆ, ಐದು ವರ್ಷದಲ್ಲಿ ಒಮ್ಮೆಯೂ ಒಳಗೆ ಹೋಗಿ ಕೈಮುಗಿದವನಲ್ಲ ನೀನು ಎಂದರು. ಹೆಂಡತಿ ಬದುಕಿದ್ದರೆ ಆ ಮಾತು ಅಷ್ಟಕ್ಕೇ ನಿಲ್ಲುವಂತೆ ಮಾಡುತ್ತಿದ್ದಳು. ಅವಳು ಹೋಗಿ ಆರು ವರ್ಷವಾಗಿತ್ತು. ರಾಯರು ಮುಂದುವರಿಸಿದರು: ದೇವರಿಲ್ಲದ ತೂತು ಹುಡುಕಿಕೊಂಡು ಹೋಗುವವನಿಗೆ ನಾನು ಹೋಗಿ ಬಾ ಅನ್ನುವುದಿಲ್ಲ.

ಅನ್ನಲೂ ಇಲ್ಲ. ಅವನು ಹೊರಟ ಬೆಳಗ್ಗೆ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದರು. ಬಾಗಿಲ ಆಚೆ ಅವನು ನಮಸ್ಕಾರ ಮಾಡಿದ್ದು ಬಳೆಯಿಲ್ಲದ ಕೈ ನೆಲಕ್ಕೆ ತಾಗಿದ ಸದ್ದಿನಿಂದ ತಿಳಿದಿತ್ತು.

*

ಸುದ್ದಿ ಬಂದದ್ದು ಸೋಮವಾರ ಸಂಜೆ ಎಂಟು ಗಂಟೆಗೆ. ಅಡುಗೆಮನೆಯಲ್ಲಿ ಫೋನು ಎತ್ತಿದವಳು ಸೊಸೆ ಹಂಸಾ.

ಆಮೇಲೆ ವಾಹಿದ್ ತಂದ ಚೀಲ ಬಿಚ್ಚಿದರು. ಕ್ಯಾಮೆರಾ ನುಜ್ಜುಗುಜ್ಜಾಗಿತ್ತು, ಒಳಗಿನ ಚಿತ್ರಗಳು ಉಳಿದಿದ್ದುವು. ಹಂಸಾ ಅವನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ನೋಡಿ, ಕೊನೆಯದನ್ನು ಹಾಗೇ ತೆರೆದಿಟ್ಟು ಎದ್ದುಹೋದಳು. ಗವಿಯ ಕಪ್ಪು ಚಾವಣಿ, ಕೆಳಗೆ ಮೂರು ಕಲ್ಲಿನ ಒಲೆ. ಚಿತ್ರದಡಿಯಲ್ಲಿ ತೆಗೆದ ದಿನ, ಹೊತ್ತು ಇದ್ದುವು. ಮಂಗಳವಾರ, ಬೆಳಗಿನ ಏಳು ಗಂಟೆ ಹನ್ನೆರಡು ನಿಮಿಷ.

ರಾಯರು ಅದನ್ನು ಎರಡು ಸಲ ಓದಿದರು. ಸತ್ತನೆಂದು ಫೋನು ಬಂದದ್ದು ಸೋಮವಾರ. ಇವನು ಮಂಗಳವಾರ ಚಿತ್ರ ತೆಗೆದಿದ್ದಾನೆ.

ನಲವತ್ತು ವರ್ಷಗಳಿಂದ ನೆವಾರ್ಕಿನ ಸುತ್ತಣ ಕನ್ನಡದ ಮನೆಗಳಿಗೆಲ್ಲ ಏಕಾದಶಿ ಯಾವತ್ತು, ಶ್ರಾದ್ಧ ಯಾವತ್ತು ಎಂದು ಲೆಕ್ಕ ಹಾಕಿ ಹೇಳುತ್ತಿದ್ದವರು ಅವರು. ಊರಿನಿಂದ ಬರುವ ಪಂಚಾಂಗದ ಘಳಿಗೆಗಳನ್ನು ಇಲ್ಲಿನ ಗಂಟೆಗೆ ತಿರುಗಿಸುವುದು ಅವರಿಗೆ ಉಗುರು ಕತ್ತರಿಸಿದಷ್ಟು ಸಲೀಸು. ಆ ಚಿತ್ರದ ಮುಂದೆ ಮಾತ್ರ ಅವರು ಲೆಕ್ಕ ಮಾಡಲಿಲ್ಲ. ಇದಕ್ಕೊಂದು ಉತ್ತರವಿದೆಯೆಂದು ಮನಸ್ಸಿನ ಮೂಲೆಯೊಂದು ಹೇಳುತ್ತಿತ್ತು. ಅವರು ಆ ಮೂಲೆಯ ಕಡೆ ಸುಳಿಯಲಿಲ್ಲ. ಚೀಟಿಯ ಮೇಲೆ ದಿನವನ್ನೂ ಹೊತ್ತನ್ನೂ ಬರೆದುಕೊಂಡು, ಅಂದು ಬಹಳ ದಿನಗಳ ಮೇಲೆ ಎರಡು ತುತ್ತು ಹೆಚ್ಚು ಉಂಡರು. ಹಂಸಾ ಅದನ್ನು ನೋಡಿದಳು.

*

ಬೊಂಬೆ ಮುಗಿದಿತ್ತು. ಬಿಳಿಯ ಬಟ್ಟೆ ಹೊದಿಸಿ ಕುಂಡದ ಸೌದೆಯ ಮೇಲೆ ಮಲಗಿಸಿದರು. ಗಾತ್ರಕ್ಕೆ ಅದು ಹಸುಗೂಸಿನಷ್ಟಿತ್ತು. ಆಚಾರ್ಯರು ರಾಯರ ಬೆರಳಿಗೆ ಪವಿತ್ರ ತೊಡಿಸಿ, ಬಲಗೈಗೆ ಎಳ್ಳು ನೀರು ಹಾಕಿ ಸಂಕಲ್ಪ ಆರಂಭಿಸಿದರು. ಗೋತ್ರ ಹೇಳಿದರು. ಮುಂದೆ ಹೇಳಬೇಕಾದದ್ದು ಮಗನ ಹೆಸರು, ಅದರ ಬೆನ್ನಿಗೆ ಪ್ರೇತವೆಂಬ ಮಾತು.

"ಹೋದ ತಿಥಿ, ವಾರ ಹೇಳಿ ರಾಯರೇ."

ರಾಯರ ಕೈಯಿಂದ ನೀರು ಸೋರಿತು. ಎಡಗೈಯಲ್ಲಿ ಸೊಂಟದ ಚೀಟಿ ತೆಗೆದು ಬಿಡಿಸಿದರು. ಶಾಯಿ ಕಲೆಸಿಹೋಗಿದ್ದರೂ ಅಕ್ಷರ ತಿಳಿಯುತ್ತಿತ್ತು.

"ಸಂಶಯ ಇದೆ" ಎಂದರು. "ನಮಗೆ ಸುದ್ದಿ ಬಂದದ್ದು ಸೋಮವಾರ. ಅವನ ಕ್ಯಾಮೆರಾದಲ್ಲಿ ಮಂಗಳವಾರ ಬೆಳಗ್ಗೆ ತೆಗೆದ ಚಿತ್ರ ಇದೆ. ಸೋಮವಾರ ಹೋದವನು ಮಂಗಳವಾರ ಹೇಗೆ ತೆಗೆದ?"

ಅಲ್ಲಿದ್ದವರೆಲ್ಲ ದಿನಬೆಳಗಾದರೆ ಊರಿಗೆ ಫೋನು ಮಾಡುವವರು. ಎಲ್ಲರಿಗೂ ಉತ್ತರ ಗೊತ್ತಿತ್ತು. ಅರವಿಂದ ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸತೊಡಗಿದ.

ಹಂಸಾ ಬಂದು ಅವರ ಪಕ್ಕ ಹುಲ್ಲಿನ ಮೇಲೆ ಕುಳಿತಳು.

"ಮಾವ, ನಾನೂ ಒಂದು ಗಂಟೆ ಹೊತ್ತು ನಂಬಿದ್ದೆ."

ರಾಯರು ಅವಳತ್ತ ತಿರುಗಲಿಲ್ಲ.

"ಗಾರ್ಗಿಗೂ ಹೇಳಿಬಿಟ್ಟಿದ್ದೆ" ಎಂದಳು. "ಆಮೇಲೆ ಅವಳಿಗೆ ಇಲ್ಲ ಅಂತ ಹೇಳಬೇಕಾಯ್ತು. ಇನ್ನೊಂದು ಸಲ ಹೇಳೋ ಶಕ್ತಿ ನನಗಿಲ್ಲ. ಹನ್ನೆರಡು ವರ್ಷ ಬೇಡ ಮಾವ."

ಆಚಾರ್ಯರು ಎಳ್ಳಿನ ಬಟ್ಟಲನ್ನು ಕೆಳಗಿಟ್ಟರು. "ನಮ್ಮನೆ ತಿಥಿಗಳನ್ನೇ ನೀವು ಲೆಕ್ಕ ಹಾಕಿ ಕೊಟ್ಟವರು. ನಾನು ಹೇಳಿದರೆ ನೀವು ಒಪ್ಪೋದಿಲ್ಲ. ನೀವೇ ಲೆಕ್ಕ ಮಾಡಿ. ನೀವು ಕಾಯೋಣ ಅಂದರೆ ಎಲ್ಲ ಎತ್ತಿಟ್ಟು ಹೋಗ್ತೀನಿ."

ಕೊನೆಗೆ ರಾಯರು ತಲೆಯೆತ್ತಿ ಬೇಲಿಯ ಮೂಲೆಯನ್ನು ನೋಡಿದರು.

"ವಾಹಿದ್, ದರಿ ಕುಸಿದಾಗ ಎಷ್ಟು ಗಂಟೆ?"

ವಾಹಿದ್ ಕುಂಟುತ್ತ ಬಂದು ಎದುರಿಗೆ ನಿಂತ. "ಏಳೂ ಇಪ್ಪತ್ತು ರೀ ಕಾಕಾ. ಮುಂಜಾನಿ. ಚಹಾ ಕುಡಿಲಿಕ್ಕತ್ತಿದ್ದೆ. ಸಪ್ಪಳಾತು, ನೋಡಿದರ ಬರೇ ಧೂಳು."

"ಯಾವ ವಾರ?"

"ಮಂಗಳವಾರ ರೀ." ಅವನು ಉಳುಕಿದ ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ. "ಫೋನು ಹತ್ತೋ ಜಾಗಾಕ್ಕ ಕುಂಟಿಕೋತ ಬರಾಕ ಒಂದೂವರಿ ತಾಸು ಹಿಡೀತು. ಇಲ್ಲಿ ನಿಮಗ ಇನ್ನೂ ಸೋಮವಾರ ಸಂಜಿ ಇತ್ತು."

ರಾಯರ ಹೆಬ್ಬೆರಳು ಬೆರಳುಗಳ ಗೆಣ್ಣಿನ ಮೇಲೆ ತಾನಾಗಿಯೇ ನಡೆಯತೊಡಗಿತು. ಅಲ್ಲಿಗೂ ಇಲ್ಲಿಗೂ ಹನ್ನೆರಡು ಮುಕ್ಕಾಲು ಗಂಟೆ. ಅಲ್ಲಿಯ ಮಂಗಳವಾರದ ಏಳು ಹನ್ನೆರಡು, ಇಲ್ಲಿ ಸೋಮವಾರ ಸಂಜೆಯ ಆರು ಇಪ್ಪತ್ತೇಳು. ಚಿತ್ರ ತೆಗೆದ ಎಂಟು ನಿಮಿಷಕ್ಕೆ ದರಿ ಕುಸಿದಿದೆ. ವಾರಗಳು ಮನುಷ್ಯರವು, ಊರಿಗೊಂದಾಗುತ್ತವೆ. ತಿಥಿ ಸೂರ್ಯಚಂದ್ರರದು, ಲೋಕಕ್ಕೆಲ್ಲ ಒಂದೇ ಘಳಿಗೆಗೆ ಹುಟ್ಟಿ ಒಂದೇ ಘಳಿಗೆಗೆ ಮುಗಿಯುತ್ತದೆ. ಫೋನು ಮಾಡಿ ಕೇಳಿದವರಿಗೆಲ್ಲ ಅವರು ಈ ಮಾತನ್ನು ಎಷ್ಟು ಸಲ ಬಿಡಿಸಿ ಹೇಳಿದ್ದರೋ. ಲೆಕ್ಕವನ್ನು ಇನ್ನೊಮ್ಮೆ, ಕಿರುಬೆರಳಿನಿಂದ ಹಿಂದಕ್ಕೆ ಮಾಡಿದರು. ತಪ್ಪಿರಲಿಲ್ಲ. ತಪ್ಪಿದ್ದರೆ ಅವರಿಗೆ ಸಿಗುತ್ತಿತ್ತು.

"ಆಶ್ವಿನ ಬಹುಳ ಅಷ್ಟಮಿ" ಎಂದರು. "ಮಂಗಳವಾರ."

ಆಚಾರ್ಯರು ಅವರ ಅಂಗೈಗೆ ಮತ್ತೆ ಎಳ್ಳು ನೀರು ಹಾಕಿದರು. ರಾಯರು ಮಗನ ಹೆಸರನ್ನು ಹೇಳಿದರು, ಅದರ ಬೆನ್ನಿಗೆ ಹೇಳಬೇಕಾದ್ದನ್ನೂ ಹೇಳಿದರು.

ಮಣ್ಣಿನ ಗಡಿಗೆ ಸಿಕ್ಕಿರಲಿಲ್ಲ. ಗಿಡ ಮಾರುವ ಅಂಗಡಿಯಿಂದ ತಂದ ಹೂವಿನ ಕುಂಡಕ್ಕೆ ತಳದಲ್ಲಿ ಮೊದಲೇ ತೂತಿತ್ತು. ಬಟ್ಟೆ ತುರುಕಿ ನೀರು ತುಂಬಿದ್ದರು. ರಾಯರು ಅದನ್ನು ಎಡಹೆಗಲ ಮೇಲೆ ಹೊತ್ತು ಅಪ್ರದಕ್ಷಿಣವಾಗಿ ಹೊರಟರು. ಕಬ್ಬಿಣದ ಕುಂಡ ಸಣ್ಣದು. ಒಂದೊಂದು ಸುತ್ತಿಗೆ ಆರೇ ಹೆಜ್ಜೆ. ಮೂರು ಸುತ್ತು ಆಗಿಯೇಹೋದವು. ಅವರು ನಾಲ್ಕನೆಯದಕ್ಕೂ ಕಾಲಿಟ್ಟರು. ಆಚಾರ್ಯರು ತೋಳು ಮುಟ್ಟಿ ನಿಲ್ಲಿಸಿದರು.

ಹೂವಿನ ಕುಂಡವನ್ನು ಹೆಗಲಿಂದ ಹಿಂದಕ್ಕೆ ಬಿಟ್ಟರು. ಮೆತ್ತನೆಯ ಹುಲ್ಲಿನ ಮೇಲೆ ಬಿದ್ದ ಅದು ಒಡೆಯಲಿಲ್ಲ. ಅರವಿಂದ ಕಲ್ಲು ಎತ್ತಿಕೊಂಡು ಬಂದು ಒಡೆದ. ಬೆನ್ನು ತಿರುಗಿಸಿ ನಿಂತ ರಾಯರ ಕೈಗೆ ಉರಿಯುವ ಕೊಳ್ಳಿ ಕೊಟ್ಟರು. ಅವರು ಅದನ್ನು ಹಿಂದಿನಿಂದ ಸೌದೆಗೆ ಚಾಚಿದರು. ಬೆಂಕಿ ಹಿಡಿದ ಸದ್ದು ಕೇಳಿತು.

"ಇನ್ನು ಮನೆಗೆ ನಡೀರಿ. ತಿರುಗಿ ನೋಡಬಾರದು."

ಮನೆ ಇದ್ದದ್ದು ಹನ್ನೆರಡು ಹೆಜ್ಜೆಯ ಆಚೆ. ಎದುರಿಗೆ ಗೋಡೆಯಗಲದ ಗಾಜಿನ ಬಾಗಿಲು. ಒಳಗೆ ಪರದೆ ಎಳೆದು ಕತ್ತಲು ಮಾಡಿದ್ದರಿಂದ ಹಿತ್ತಲೆಲ್ಲ ಆ ಗಾಜಿನಲ್ಲಿತ್ತು: ಮೋಡದ ಬೆಳಕು, ತಲೆ ತಗ್ಗಿಸಿದ ಜನ, ನಡುವೆ ಕುಂಡ. ಬಿಳಿಯ ಬಟ್ಟೆಯ ಅಂಚು ಸುರುಟಿಕೊಂಡು ಮೇಲೆದ್ದಿತು. ದರ್ಭೆಯ ಒಂದು ತೋಳು ಬಿಸಿಗೆ ಬಿಡಿಸಿಕೊಂಡು ಎತ್ತಿ ನಿಂತು, ಹಾಗೇ ಬಾಗಿತು. ರಾಯರು ಒಂದು ಸಲವೂ ತಿರುಗಲಿಲ್ಲ. ಕಣ್ಣು ಮುಚ್ಚಲೂ ಇಲ್ಲ. ಮುಂದಕ್ಕೆ ನಡೆದಷ್ಟೂ ಬೆಂಕಿ ಎದುರಿನಿಂದ ದೊಡ್ಡದಾಗುತ್ತ ಬಂತು.

ಬಾಗಿಲ ಬಳಿ ನಿಂತರು. ಒಳಗೆ ಪರದೆಯ ಮರೆಯಿಂದ ಗಾರ್ಗಿ ಎರಡೂ ಕೈ ಹಚ್ಚಿ ಗಾಜನ್ನು ಪಕ್ಕಕ್ಕೆ ಎಳೆದಳು. ಬೆಂಕಿ ಗಾಜಿನ ಜೊತೆಗೇ ಪಕ್ಕಕ್ಕೆ ಜಾರಿಹೋಯಿತು. ಮುಂದೆ ಪರದೆ ಇತ್ತು.